ಎಡಕ್ಕೆ ತಿರುಗದ ತಿರುಪು

ನಾನು ಉಪ್ಪಿನಕಾಯಿ ಬಾಟಲಿ ತೆಗೆಯುವುದನ್ನು ನೋಡಿದರೆ ಸೊಸೆಗೆ ನಗು. ಎಲ್ಲರೂ ಬಾಟಲಿ ಹಿಡಿದುಕೊಂಡು ಮುಚ್ಚಳವನ್ನು ಎಡಕ್ಕೆ ತಿರುಗಿಸುತ್ತಾರೆ. ನಾನು ಮುಚ್ಚಳವನ್ನು ಅಲುಗಾಡದಂತೆ ಹಿಡಿದು ಬಾಟಲಿಯನ್ನೇ ಬಲಕ್ಕೆ ತಿರುಗಿಸುತ್ತೇನೆ. "ಎರಡೂ ಒಂದೇ ಅಲ್ವಾ?" ಅನ್ನುತ್ತಾಳೆ. ಒಂದೇ ಹೌದು, ಒಂದೇ ಅಲ್ಲ. ಅದನ್ನು ಅವಳಿಗೆ ವಿವರಿಸುವಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕುತ್ತದೆ. ಅದಕ್ಕೇ ಮೊನ್ನೆ ಮೊನ್ನೆ ಕಲಿತ ಫೋನಿನಲ್ಲಿ ಒಂದೇ ಬೆರಳಿನಿಂದ ನಿಮಗೆ ಹೇಳುತ್ತಿದ್ದೇನೆ. ಇದರಲ್ಲಿ ಅಕ್ಷರಗಳು ಎಡದಿಂದ ಬಲಕ್ಕೆ ಹೋಗುತ್ತವೆ, ಅದೊಂದು ಸಂತೋಷ. ಅಳಿಸಿದರೆ ಮಾತ್ರ ಎಡಕ್ಕೆ ಬರುತ್ತವೆ. ಹಾಗಾಗಿ ನಾನು ಅಳಿಸುವುದಿಲ್ಲ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಈ ಚಟ ನನಗೆ ಅಂಟಿಸಿದವಳು ಅಪ್ಪನ ಅಕ್ಕ ಕೆಂಪತ್ತೆ. ನಮ್ಮೂರು ಈಗಿನ ಪಾಂಡವಪುರ, ಅದಕ್ಕೆ ಆಗ ಹಿರೋಡೆ ಅನ್ನುತ್ತಿದ್ದರು. ನನಗೆ ಈಗ ತೊಂಬತ್ತು ದಾಟಿದೆ, ಆಗ ಏಳು. ಗಂಡ ಸತ್ತ ಮೇಲೆ ಅತ್ತೆ ನಮ್ಮ ಮನೆಗೆ ಬಾರದೆ, ನಾಲ್ಕು ಮನೆ ಆಚೆ ಒಬ್ಬಳೇ ಉಳಿದುಕೊಂಡಳು. ಜೊತೆಗಿದ್ದದ್ದು ಕೈಯಲ್ಲಿ ತಿರುಗಿಸುವ ಒಂದು ಹೊಲಿಗೆ ಮೆಷಿನ್ನು. ಅಪ್ಪನಿಗೆ ಇದು ಸರಿಬರಲಿಲ್ಲ. "ಆ ಮಿಸಿನ್ನು ಕೆಟ್ಟ ದಿವ್ಸ ಮೂಟೆ ಕಟ್ಕೊಂಡು ನಮ್ಮನೆಗೆ ಬಂದ್ಬುಡಕ್ಕ" ಅಂತ ತಿಂಗಳಿಗೊಂದು ಸಲವಾದರೂ ಹೇಳುತ್ತಿದ್ದ. ಅವನದು ಪ್ರೀತಿಯೇ. ಆದರೆ ನಮ್ಮ ಮನೆಯಲ್ಲಿ ಹದಿಮೂರು ಜನರಿಗೆ ಮುದ್ದೆ ತೊಳಸಬೇಕಿತ್ತು, ಅದು ಅತ್ತೆಗೂ ಗೊತ್ತಿತ್ತು.

ನನ್ನ ಅಕ್ಕ ನಂಜಿಯ ಮದುವೆ ಗೊತ್ತಾಯಿತು. ಧಾರೆ ರವಿಕೆಯನ್ನು ಕೆಂಪತ್ತೆಯೇ ಹೊಲಿಯಬೇಕೆಂದು ನಂಜಿ ಹಟ ಹಿಡಿದಳು. ಎದುರುಮನೆಯ ಸಣ್ಣತಾಯಮ್ಮ ನೀರು ಸೇದುವಾಗ ಬಾವಿಕಟ್ಟೆಗೆಲ್ಲ ಕೇಳುವ ಹಾಗೆ, "ಗಂಡ ಸತ್ತೋಳ ಕೈಲಿ ಧಾರೆ ರವಿಕೆ ವಲ್ಸ್ತಾರಂತೆ, ಏನ್ ಕಾಲ ಬಂತವ್ವ" ಅಂದಳು.

ಅತ್ತೆ ಜಗಳಕ್ಕೆ ಹೋಗಲಿಲ್ಲ. ಮನೆಗೆ ಬಂದು, "ಈ ರವಿಕೆ ಮುಗಿಯೋಗಂಟ ನನ್ನ ಮನೇಲಿ ಒಂದು ಕಡ್ಡೀನೂ ಎಡಕ್ಕೆ ತಿರುಗಬಾರ್ದು" ಅಂದಳು. ಎಡಸುತ್ತು ಸಾವಿನ ಮನೆಯದು. ಅವಳ ಗಂಡನ ಚಿತೆಯನ್ನು ಎಡಕ್ಕೆ ಮೂರು ಸುತ್ತು ಸುತ್ತಿದ್ದನ್ನು ಅವಳು ಮರೆತಿರಲಿಲ್ಲ. ನಂಜಿಯ ರವಿಕೆಗೆ ಆ ಸುತ್ತಿನ ಗಾಳಿಯೂ ಸೋಕಬಾರದು.

ನೇಮ ಹಿಡಿದ ಮೇಲೆ ತಿಳಿಯಿತು, ಲೋಕದಲ್ಲಿ ಎಷ್ಟೊಂದು ವಸ್ತುಗಳು ಎಡಕ್ಕೆ ತಿರುಗುತ್ತವೆ ಅಂತ. ಕಡೆಗೋಲು ಒಂದು ಸಲ ಬಲಕ್ಕೆ ತಿರುಗಿದರೆ ಇನ್ನೊಂದು ಸಲ ಎಡಕ್ಕೆ ತಿರುಗುತ್ತದೆ. ಹಾಗಾಗಿ ಅತ್ತೆಯ ಮನೆಯಲ್ಲಿ ಮಜ್ಜಿಗೆ ನಿಂತಿತು. ಬೇಲಿಯ ಅವರೆ ಬಳ್ಳಿ ಎಡಕ್ಕೆ ಸುತ್ತಿಕೊಂಡಿದೆ ಎಂದು ಅನುಮಾನ ಬಂದು, ಅದನ್ನು ಬಿಚ್ಚಿ ಬಲಕ್ಕೆ ಸುತ್ತಿದಳು. ಎರಡು ದಿನದಲ್ಲಿ ಬಳ್ಳಿ ತನ್ನ ದಾರಿಗೆ ತಾನು ಹೋಗಿತ್ತು. ಅತ್ತೆ ಅದಕ್ಕೆ ನೀರು ಹಾಕುವುದನ್ನು ಬಿಟ್ಟಳು. ಮೆಷಿನ್ನಿನ ಚಕ್ರ ಪುಣ್ಯಕ್ಕೆ ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ, ಮುಂದಕ್ಕೆ ತಿರುಗುತ್ತಿತ್ತು.

ಕೈಕೊಟ್ಟದ್ದು ತಿರುಪು. ಆ ಕಾಲದ ಮೆಷಿನ್ನಿನ ಹೊಟ್ಟೆಯಲ್ಲಿ ಕೆಳಗಿನ ದಾರ ಇಡಲು ಹೆಬ್ಬೆರಳುದ್ದದ ಉಕ್ಕಿನ ಗೂಡೊಂದು ಇರುತ್ತಿತ್ತು. ದೋಣಿಯ ಆಕಾರ, ನಾವು ದೋಣಿ ಅಂತಲೇ ಅನ್ನುತ್ತಿದ್ದೆವು. ಅದರ ಬೆನ್ನಿನ ಮೇಲೆ ಎಳ್ಳಿನಷ್ಟು ಒಂದು ತಿರುಪು. ಬಲಕ್ಕೆ ತಿರುಗಿಸಿದರೆ ದಾರ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ನಂಜಿಯ ರೇಷ್ಮೆ ಬಟ್ಟೆ ನಯ. ದಾರ ಬಿಗಿಯಾಗಿ ಹೊಲಿಗೆ ಸುಕ್ಕುಗಟ್ಟಿತು. ಸಡಿಲ ಮಾಡಬೇಕಿತ್ತು. ಅತ್ತೆ ತಿರುಪನ್ನು ಬಲಕ್ಕೆ ತಿರುಗಿಸಿದಳು. ಇನ್ನಷ್ಟು ಸುಕ್ಕು. ಇನ್ನಷ್ಟು ಬಲಕ್ಕೆ. "ಬಲಕ್ಕೇ ಓಗ್ತಾ ಇದ್ರೆ ಸುತ್ತಾಕ್ಕಂಡು ಎಡಕ್ಕೆ ಬಂದೇ ಬತ್ತದೆ ಕಣೇ" ಅಂದಳು ನನಗೆ. ಭೂಮಿ ಉರುಟಾಗಿದೆ ಎಂದು ಆಗ ತಾನೇ ಶಾಲೆಯಲ್ಲಿ ಕಲಿತಿದ್ದ ನನಗೂ ಇದು ಸರಿಯೆನಿಸಿತು. ಟಿಕ್ ಅಂದಿತು. ತಿರುಪಿನ ತಲೆ ಹಾರಿ ಒಲೆಯ ಬೂದಿಗೆ ಬಿತ್ತು, ಮುಂಡ ದೋಣಿಯಲ್ಲೇ ಉಳಿಯಿತು.

ಮದುವೆಗೆ ನಾಲ್ಕು ದಿನ. ರವಿಕೆಗೆ ಇನ್ನೂ ತೋಳು ಕೂಡಿಸಿರಲಿಲ್ಲ. ಅಪ್ಪನಿಗೆ ತಿಳಿದರೆ ಮೂಟೆ ಕಟ್ಟಬೇಕು. ಸಣ್ಣತಾಯಮ್ಮನಿಗೆ ತಿಳಿದರೆ ಅದಕ್ಕಿಂತ ಕಷ್ಟ. ಅತ್ತೆ ದೋಣಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನ ಅಕ್ಕಸಾಲಿ ಆಚಾರ್ರ ಬಳಿ ಹೋಗಲು ರೈಲು ಹತ್ತಿದಳು. ನನ್ನ ಲಂಗದ ಬಟ್ಟೆಯೂ ಆ ಮೆಷಿನ್ನನ್ನೇ ಕಾಯುತ್ತಿದ್ದರಿಂದ ನಾನೂ ಅತ್ತು ಕರೆದು ಹೊರಟೆ.

ಆಚಾರ್ರು ದೋಣಿಯನ್ನು ಬೆಳಕಿಗೆ ಹಿಡಿದು ನೋಡಿ, "ಯಾರವ್ವ ಇದುನ್ನ ಇಷ್ಟು ಬಿಗಿ ಮಾಡಿರಾದು? ಎತ್ತು ಕಟ್ಟಿ ಎಳ್ಸುದ್ರಾ?" ಅಂದರು. ಒಂದು ತೊಟ್ಟು ಸೀಮೆಎಣ್ಣೆ ಬಿಟ್ಟರು. ಕೂದಲಿನಂಥ ಗರಗಸದಿಂದ ಮುರಿದ ಮುಂಡದ ನೆತ್ತಿಗೆ ಒಂದು ಗೀರು ಹಾಕಿದರು. ಸಣ್ಣ ಉಳಿಯನ್ನು ಆ ಗೀರಿನಲ್ಲಿಟ್ಟು ಇನ್ನೇನು ತಿರುಗಿಸಬೇಕು, ಅತ್ತೆ ಅವರ ಮಣಿಕಟ್ಟು ಹಿಡಿದುಕೊಂಡಳು.

"ಎತ್ಲಾಗ್ ತಿರುಗಿಸ್ತೀರಿ?"

"ಎಡಕ್ಕೆ."

"ಎಡಕ್ಕೆ ಬ್ಯಾಡಿ. ಮದುವೆ ಕೆಲ್ಸ."

ಆಚಾರ್ರು ಉಳಿ ಕೆಳಗಿಟ್ಟರು. "ಬಲಕ್ಕೆ ತಿರುಗುಸುದ್ರೆ ಇದು ದೋಣಿ ತೂತ್ಮಾಡ್ಕೊಂಡು ಸೀರಂಗಪಟ್ಣದ ಕೋಟೆತಾವ ಈಚೆಗ್ ಬತ್ತದೆ ಕಣವ್ವ."

ಅತ್ತೆ ಕದಲಲಿಲ್ಲ. ಬಾವಿಕಟ್ಟೆಯ ಮಾತನ್ನು ಹೇಳಿದಳು, ಚಿತೆಯ ಸುತ್ತನ್ನೂ ಹೇಳಿದಳು. "ನನ್ನ ಕೈಲಿ ಅದೇನಾರ ಅಂಟ್ಕೊಂಡಿದ್ರೆ ಆ ಮಗೀಗೆ ತಾಕಬಾರ್ದು ಆಚಾರ್ರೇ" ಅಂದಳು. ಆಚಾರ್ರು ಹೊಳೆಯ ಕಡೆ ನೋಡಿದರು. ಅಲ್ಲೊಂದು ಹರಿಗೋಲು ಸುತ್ತು ತಿರುಗುತ್ತಾ ದಡಕ್ಕೆ ಬರುತ್ತಿತ್ತು, ಹುಟ್ಟು ಹಾಕುವವನು ಮಾತ್ರ ದಡದ ಮೇಲಿನ ಗುಡಿಗೇ ಮುಖ ಮಾಡಿ ನಿಲ್ಲಲು ನೋಡುತ್ತಿದ್ದ. ಆಚಾರ್ರು ಎದ್ದು ಒಳಗಿನಿಂದ ಒಂದು ಮಣೆ ತಂದರು. ಅರಗು ಕಾಯಿಸಿ ದೋಣಿಯನ್ನು ಮಣೆಯ ನಟ್ಟನಡುವೆ ಅಂಟಿಸಿದರು. ಉಳಿಯನ್ನು ಗೀರಿನಲ್ಲಿ ನೆಟ್ಟಗೆ ಊರಿ, ಮೊಣಕೈಯನ್ನು ಮೊಣಕಾಲಿಗೆ ಒತ್ತಿಕೊಂಡರು.

"ನಾನು ಎತ್ಲಾಗೂ ತಿರುಗಾಕಿಲ್ಲ. ನೀವು ಮಣೆ ತಿರುಗ್ಸಿ, ಬಲಕ್ಕೆ."

ಅತ್ತೆ ಮೊದಲು ಮಣೆಗೆ ಅರಿಶಿನ ಹಚ್ಚಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ತಿರುಗಿಸುತ್ತಲೇ ಉಳಿಯ ಮೇಲೆ ಕಣ್ಣಿಟ್ಟಿದ್ದಳು. "ಆಚಾರ್ರೇ, ಕೈ ಎಡಕ್ಕೆ ಜಾರ್ತದೆ." "ಇಲ್ಲ ಕಣವ್ವ, ಅದು ನೊಣ ಓಡ್ಸಿದ್ದು." ಅಷ್ಟರಲ್ಲಿ ನಿಮಿಷಾಂಬನ ಗುಡಿಯಿಂದ ಬರುತ್ತಿದ್ದ ಹೆಂಗಸೊಬ್ಬಳು ನಿಂತಳು. ಅರಿಶಿನ ಹಚ್ಚಿದ ಮಣೆ, ನಡುವೆ ಏನೋ ಹೊಳೆಯುವ ವಿಗ್ರಹ, ಉಸಿರು ಬಿಗಿಹಿಡಿದ ಆಚಾರಿ. ಅವಳು ತಟ್ಟೆಯಲ್ಲಿದ್ದ ಹೂವೊಂದನ್ನು ಮಣೆಯ ಮೇಲಿಟ್ಟು, ನಮ್ಮೆಲ್ಲರನ್ನೂ ಸೇರಿಸಿ ಮೂರು ಪ್ರದಕ್ಷಿಣೆ ಹಾಕಿ, ನನ್ನ ಕಾಲಿಗೂ ನಮಸ್ಕಾರ ಮಾಡಿ ಹೋದಳು. ಯಾವ ದೇವರೆಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಐದನೆಯ ಸುತ್ತಿಗೆ ತಿರುಪಿನ ಮುಂಡ ಮೇಲೆ ಬಂದು ಹೂವಿನ ಪಕ್ಕ ಬಿತ್ತು. ಅತ್ತೆ ಕಣ್ಣೊರೆಸಿಕೊಂಡಳು, ಅರಗಿನ ಹೊಗೆ ಅಂದಳು. ಆಚಾರ್ರು ಹೊಸ ತಿರುಪು ಕೂರಿಸುವಾಗ ನಾನು ಕೇಳಿದೆ, "ತಾತ, ತಿರುಪು ಎಡಕ್ಕೆ ತಿರುಗ್ತೋ, ದೋಣಿ ಬಲಕ್ಕೆ ತಿರುಗ್ತೋ?"

ಅವರು ಅತ್ತೆಯ ಕಡೆ ಒಮ್ಮೆ ನೋಡಿ ಮೆಲ್ಲಗೆ ಅಂದರು: "ನೀನು ತಿರುಪಾಗಿದ್ರೆ ಎಡಕ್ಕೆ ಕಣ್ ಮಗ. ನಿಮ್ಮತ್ತೆ ಆಗಿದ್ರೆ ಬಲಕ್ಕೆ."

ಧಾರೆಯ ದಿನ ಸಣ್ಣತಾಯಮ್ಮ ನಂಜಿಯ ತೋಳು ಹಿಡಿದು ಹೊಲಿಗೆಯನ್ನು ಉದ್ದಕ್ಕೂ ನೋಡಿದಳು. ಒಂದು ಸುಕ್ಕೂ ಸಿಗಲಿಲ್ಲ. ಎರಡನೆಯ ಸಲವೂ ಹುಡುಕಿ, "ನಮ್ಮುಡುಗಿ ಮದ್ವೇನೂ ಅದೆ, ಮುಂದ್ಲೊರ್ಸಕ್ಕೆ" ಅಂತ ಅತ್ತೆಗೆ ಹೇಳದೆ ಕಂಬಕ್ಕೆ ಹೇಳಿದಳು. ಅಪ್ಪನ ಕಿವಿಗೆ ದೋಣಿಯ ಕತೆ ಹೇಗೋ ಬಿದ್ದಿತ್ತು. ಹೇಗೆಂದು ನಾನು ಹೇಳುವುದಿಲ್ಲ, ನನಗೆ ಎರಡು ಬೆಲ್ಲದಚ್ಚು ಸಿಕ್ಕಿತ್ತು. ಮದುವೆ ಮುಗಿದ ಮಾರನೆಯ ದಿನ ಅವನು ಅತ್ತೆಯ ಬಾಗಿಲಿಗೆ ಹೋದ. ಮೂಟೆಯ ಮಾತೆತ್ತಲಿಲ್ಲ. ಕಂಕುಳು ಹರಿದ ತನ್ನ ಕೋಟನ್ನು ಮೆಷಿನ್ನಿನ ಮೇಲಿಟ್ಟು, "ಇದುನ್ನ ವಸಿ ನೋಡಕ್ಕ" ಅಂದು ಬಂದ. ಅತ್ತೆ ಆ ಮನೆಯಲ್ಲೇ ಕೊನೆಯವರೆಗೂ ಇದ್ದಳು. ಅವರೆ ಬಳ್ಳಿಗೂ ನೀರು ಸಿಕ್ಕಿತು.

ಇವತ್ತೂ ಉಪ್ಪಿನಕಾಯಿ ಬಾಟಲಿ ತೆರೆದುಕೊಂಡಿತು. ನಾನು ಬಾಟಲಿಯನ್ನು ಬಲಕ್ಕೆ ತಿರುಗಿಸಿದೆ. ಮುಚ್ಚಳ ಏನು ತಿಳಿದುಕೊಂಡಿತೋ, ಅದು ಮುಚ್ಚಳದ ಪಾಡು.