ಇಂಡಿಯಾ ಗೇಟ್ ಮುಂದೆ ಕುರಿ ಕರೆಯುವ ಕೂಗು

ದಿಲ್ಲಿ ಪ್ರವಾಸದಲ್ಲಿ ಇಂಡಿಯಾ ಗೇಟ್ ಎದುರು ಅಪ್ಪ ಬೆರಳು ಮಾಡಿ ನಮ್ಮನ್ನು ಎಣಿಸಿದ. ನನ್ನ ಡೈರಿಯ ಪ್ರಕಾರ ಅದು ಆ ದಿನದ ಹನ್ನೊಂದನೆಯ ಎಣಿಕೆ. ಅವ್ವ ಮತ್ತು ನಾವಿಬ್ಬರು ಮಕ್ಕಳು ಸೇರಿ ಮೂರು ತಲೆ ಇರಬೇಕಿತ್ತು, ಎರಡೇ ಇದ್ದವು. ಎಂಟು ವರ್ಷದ ತಂಗಿ ಮೇರಿ ಇರಲಿಲ್ಲ.

ಅವ್ವ ಯೇಸುವನ್ನು ನೆನೆದು ಅಳತೊಡಗಿದಳು. ನಮ್ಮೂರು ಧುಪದಾಳದಲ್ಲಿ ಕುರಿ ಕಾಯುವ ಅಪ್ಪ, ಹಿಂಡನ್ನು ಕರೆಯುವಂತೆಯೇ "ಹುರ್ರ್ಯಾ..." ಎಂದು ಕೂಗಿದ. ಜನರೆಲ್ಲ ತಿರುಗಿ ನೋಡಿದರು. ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಬಲೂನು ಮಾರುವವನ ಹಿಂದಿನಿಂದ ಮೇರಿ ಓಡಿಬಂದಳು.

"ಅಪ್ಪಾ, ನಾ ಏನ್ ಕುರಿ ಏನು?"

"ಕುರಿ ಆಗಿದ್ರ ಹಿಂಡು ಬಿಟ್ಟು ಹೋಗ್ತಿದ್ದಿಲ್ಲವ್ವಾ," ಎಂದು ಅಪ್ಪ ಅವಳನ್ನು ಹೆಗಲಿಗೇರಿಸಿಕೊಂಡ.

ಊರಿಗೆ ಬಂದ ಮೊದಲ ಭಾನುವಾರ ಚರ್ಚಿನಲ್ಲಿ, ಗಂಡಸರ ಬದಿಯಿಂದ ಅಪ್ಪ ಹೆಂಗಸರ ಬದಿ ಕೂತಿದ್ದ ನಮ್ಮತ್ತ ಮತ್ತೆ ಬೆರಳು ಮಾಡಿ ಎಣಿಸತೊಡಗಿದ. ಈ ಸಲ ನಾನು ಎಣಿಕೆಗೆ ಸಿಗುವಂತೆ ತಲೆ ಎತ್ತಿ ಕೂತೆ.