ಎಕ್ಕನಿಗೆ ಇಟ್ಟ ಎಡೆ

ಐದು ಜನರನ್ನು ಕೊಂದವನನ್ನು ನಮ್ಮ ಹುಣಸೂರಿನಲ್ಲಿ ಪೊಲೀಸರು ಹುಡುಕುತ್ತಾರೆ. ಇಲ್ಲಿ ಅಂಥವನೊಬ್ಬನ ಪಟದ ಧೂಳನ್ನು ದಿನವೂ ನಾನೇ ಒರೆಸಬೇಕು!

ಮೈಸೂರಿನಲ್ಲಿ ಫ್ರೆಂಚ್ ಕಲಿತು ಉತ್ತರ ಫ್ರಾನ್ಸಿನ ಈ ಪುಟ್ಟ ಊರಿಗೆ ಬಂದೆ. ಮೊದಲ ಮಹಾಯುದ್ಧದ ವಿಮಾನಗಳ ಮ್ಯೂಸಿಯಂನಲ್ಲಿ ಕೆಲಸ. ಆಗ ಶತ್ರುವಿನ ಐದು ವಿಮಾನ ಉರುಳಿಸಿದ ಪೈಲಟ್ ‘ಆಸ್’ ಆಗುತ್ತಿದ್ದ, ಅಂದರೆ ಇಸ್ಪೀಟಿನ ಎಕ್ಕ. ನಮ್ಮ ಎಕ್ಕನ ಪಟದ ಕೆಳಗೆ ಅವನು ಕೊಂದ ಐವರು ಜರ್ಮನ್ ಪೈಲಟ್‌ಗಳ ಪಟಗಳೂ ಇವೆ. ಕಡೆಗೆ ಅವನೂ ಆಕಾಶದಿಂದಲೇ ಬಿದ್ದು ಸತ್ತ. ಈ ಕಥೆ ಹೇಳುವ ಗೈಡ್ ಕೆಲಸ ಖಾಯಂ ಆದರೆ ನನ್ನ ವೀಸಾ ಮುಂದುವರಿಯುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅದೇ ಚಿಂತೆಯಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಅಷ್ಟರಲ್ಲಿ ಮಾರ್ಲಮಿ ಬಂತು, ಹಿರಿಯರ ಹಬ್ಬ. ಊರಿನಲ್ಲಾದರೆ ಸತ್ತ ಅಪ್ಪನಿಗೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ ಎಡೆಯಿಟ್ಟು, ಬಂದು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಹಾಕಿ ಎಲ್ಲರೂ ಆಚೆ ನಿಲ್ಲುತ್ತೇವೆ. ಇಲ್ಲಿಯವರು ಸತ್ತವರಿಗೆ ಹೂವು ಕೊಡುತ್ತಾರೆ, ಊಟ ಹಾಕುವುದಿಲ್ಲ. ಪಾಪ ಅನ್ನಿಸಿತು. ಮಧ್ಯಾಹ್ನದ ಬಿಡುವಿನಲ್ಲಿ ಅನ್ನ, ಕೋಳಿ ಸಾರು, ಒಂದು ಸಿಗರೇಟು ಒಂದೇ ತಟ್ಟೆಯಲ್ಲಿಟ್ಟು, ಎಕ್ಕನಿಗೂ ಆ ಐವರಿಗೂ ಕೈಮುಗಿದು ಬಾಗಿಲು ಹಾಕಿದೆ.

ಮ್ಯೂಸಿಯಂನ ಮೇಡಂ ಬಂದರು. ಜೊತೆಗೆ ಎಕ್ಕನ ಮೊಮ್ಮಗಳು, ವಯಸ್ಸಾದ ಹೆಂಗಸು.

“ಬಾಗಿಲೇಕೆ ಮುಚ್ಚಿದೆ?” ಎಂದರು ಮೇಡಂ.

ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ: “ಸ್ವಲ್ಪ ತಾಳಿ, ಒಳಗೆ ಊಟ ಮಾಡುತ್ತಿದ್ದಾರೆ.”

ಬಾಗಿಲು ತೆಗೆದು ತಟ್ಟೆ ನೋಡಿದ ಮೇಡಂ ಕೆಂಡವಾದರು. ನೂರು ವರ್ಷದ ಬಟ್ಟೆ ರೆಕ್ಕೆಯ ವಿಮಾನಗಳಿರುವ ಕಡೆ ಅನ್ನ ಸಾರು! ಇಲಿ ಬಂದರೆ ಗತಿಯೇನು? ಟಿಕೆಟ್ ಕೌಂಟರಿನ ಡೋಲ್ಮಾ ಓಡಿಬಂದಳು. ಬೈಲಕುಪ್ಪೆಯ ಟಿಬೆಟಿಯನ್ ಹುಡುಗಿ, ಕನ್ನಡ ನನಗಿಂತ ಚೆಂದ.

“ಕೆಲ್ಸ ಓಯ್ತು ಕಣಕ್ಕ! ಮನೇಲಿ ಇಕ್ಕುದ್ರೆ ಆಯ್ತಿರ್ಲಿಲ್ವಾ?”

“ಇವ್ರ ಮನೆ ಇದೇ ಅಲ್ವೇನೇ?” ಅಂದೆ.

ಮೊಮ್ಮಗಳು ಕೇಳಿದರು, “ತಾತನಿಗೂ ಶತ್ರುಗಳಿಗೂ ಒಂದೇ ತಟ್ಟೆಯೇ?”

ನಾನು ಹೇಳಿದೆ. “ನಮ್ಮಪ್ಪ, ದೊಡ್ಡಪ್ಪ ಗದ್ದೆ ಜಗಳದಲ್ಲಿ ಮಾತು ಬಿಟ್ಟೇ ಸತ್ತರು. ಈಗ ಅವರಿಗೆ ಒಂದೇ ಎಲೆಯಲ್ಲಿ ಇಡುತ್ತೇವೆ.”

ಆಕೆ ಕಣ್ಣೊರೆಸಿಕೊಂಡು, ಈ ಮಾತನ್ನೂ ಇವಳು ಜನರಿಗೆ ಹೇಳಲಿ ಎಂದರು. ಮೇಡಂ ತಣ್ಣಗಾದರು. ಕೆಲಸ ಖಾಯಂ ಆಯಿತು, ಒಳಗೆ ಊಟ ತರಕೂಡದು ಎಂಬ ಷರತ್ತಿನೊಂದಿಗೆ.

ಕುಣಿದುಕೊಂಡು ಊರಿಗೆ ಫೋನ್ ಮಾಡಿದೆ. ಅಣ್ಣ ಅಂದ: “ಅಪ್ಪಂಗೆ ಎಡೆ ಇಕ್ಬುಟ್ಟು ಎಲ್ರೂ ಆಚೆ ನಿಂತಿದ್ವಿ ಕಣವ್ವ. ನೀನೊಬ್ಳೇ ಇರ್ಲಿಲ್ಲ.”

ಅಳು ಬಂತು. ನಾಳೆ ನಾನು ಸತ್ತರೆ ಉಣ್ಣಲು ಎಲ್ಲಿಗೆ ಹೋಗಲಿ? ಹುಣಸೂರಿನಲ್ಲಿ ಎಡೆ ಇಡುವವರಿದ್ದಾರೆ, ನಾನಲ್ಲಿಲ್ಲ. ನಾನಿರುವ ಕಡೆ ಊಟ ತರಕೂಡದು.