ಖಾಲಿ ಕರಡಿಗೆ

ಹಳೆಯ ಬೆಳ್ಳಿ ಒಡವೆಗಳನ್ನು ಆನ್‌ಲೈನಿನಲ್ಲಿ ಮಾರುವುದು ನನ್ನ ಕಸುಬು. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಅಂತ ಬಸ್ಸು ಹತ್ತಿ ಹೋಗಿ ಕೊಂಡು ತಂದು, ಬಳ್ಳಾರಿ ಗಾಂಧಿನಗರದ ನಮ್ಮ ಮನೆಯ ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆದು ಹಾಕುತ್ತೇನೆ. ಮೊದಮೊದಲು ನೋಡಿದವರೆಲ್ಲ 'ಚೆನ್ನಾಗಿದೆ' ಎಂದು ಬರೆದು ಹೋಗುತ್ತಿದ್ದರೇ ಹೊರತು ಕೊಳ್ಳುತ್ತಿರಲಿಲ್ಲ. ಹೊಗಳಿಕೆಯಿಂದ ಒಲೆ ಉರಿಯುತ್ತದೆಯೇ? ಆಗ ನಾದಿನಿ ಉಪಾಯ ಹೇಳಿದಳು: ಲೈವ್ ಬಂದು, ಹಳೆಯ ಡಬ್ಬಿಗಳನ್ನು ಜನರ ಮುಂದೆಯೇ ಮೊದಲ ಸಲ ತೆರೆದು ತೋರಿಸು, ಒಳಗೇನಿದೆ ಎಂಬ ಕುತೂಹಲಕ್ಕಾದರೂ ಮಂದಿ ಸೇರುತ್ತಾರೆ. ಸೇರಿದರು ಕೂಡ. ಕುಂಕುಮದ ಭರಣಿ, ಸುಣ್ಣದ ಡಬ್ಬಿ ಒಂದೊಂದಾಗಿ ಮಾರಿಹೋದವು. ನನಗೆ ಕೊಂಬು ಬಂತು.

ಕುರುಗೋಡಿನ ಒಂದು ಮನೆಯ ಸೊಸೆ ತನ್ನ ಅತ್ತೆಯ ಕರಡಿಗೆ ಕೊಟ್ಟಳು. ಅತ್ತೆ ತೀರಿಹೋಗಿ ವರ್ಷವಾಗಿತ್ತು. ಆ ಬೆಳ್ಳಿ ಮಾರಿ ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಸಲು ಮಾವನೇ ಹೇಳಿದ್ದರಂತೆ. ಅವರು ಅಂದು ಕಣ್ಣಿನ ಆಪರೇಷನ್ನಿಗೆ ಬಳ್ಳಾರಿಗೆ ಹೋಗಿದ್ದರು. ನಮ್ಮಲ್ಲಿ ಸತ್ತವರ ಇಷ್ಟಲಿಂಗವನ್ನು ಅವರ ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಲಿಂಗವನ್ನಿಟ್ಟು ಕೊರಳಲ್ಲಿ ಧರಿಸುತ್ತಿದ್ದ ಬೆಳ್ಳಿಯ ಕರಡಿಗೆ ಮಾತ್ರ ಖಾಲಿಯಾಗಿ ಮನೆಗೆ ಬರುತ್ತದೆ. ಹಾಗಾಗಿ ನಾನು ತೆರೆದು ನೋಡಲಿಲ್ಲ, ಲೈವ್‌ಗೆಂದು ಉಳಿಸಿಕೊಂಡೆ. ತೂಗಿದಾಗ ಭಾರವಿತ್ತು. ಹಳೆಯ ಕಾಲದ ಗಟ್ಟಿ ಬೆಳ್ಳಿ ಎಂದು ಖುಷಿಪಟ್ಟೆ. ದಿನವೂ ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ತಿರುಗುವ ನನಗೆ ಆ ಭಾರ ಯಾವುದರದೆಂದು ಹೊಳೆಯಲಿಲ್ಲ. ಬುದ್ಧಿ ಹುಲ್ಲು ಮೇಯಲು ಹೋಗಿತ್ತು.

ಮರುದಿನ ಬೆಳಿಗ್ಗೆ ಲೈವ್ ಬಂದೆ. ನೂರು ವರ್ಷದ ಹಿಂದಿನದು ಎಂದು ಬಾಯಿಗೆ ಬಂದದ್ದು ಹೇಳುತ್ತ ಮುಚ್ಚಳ ತೆಗೆದೆ. ಒಳಗೆ ಲಿಂಗವಿತ್ತು. ಅದರ ಮೇಲಿನ ಬಿಲ್ವಪತ್ರೆಯ ಎಸಳು ಇನ್ನೂ ಹಸಿರಾಗಿತ್ತು.

ಇದು ಸತ್ತವರದಲ್ಲ, ನಿನ್ನೆ ಪೂಜೆಯಾದ ಲಿಂಗ. ಯಾರೋ ಬದುಕಿರುವವರದು. ಮುಚ್ಚಳ ಹಾಕಬೇಕೆಂದೂ ತೋಚಲಿಲ್ಲ. ಫೋನಿನ ಪರದೆಯ ಮೇಲೆ ಕೆಂಪು ಹೃದಯಗಳು ಏರುತ್ತಲೇ ಇದ್ದವು. ಒಬ್ಬರು ಕಲ್ಲಿನ ಸಮೇತ ಬೆಲೆ ಎಷ್ಟೆಂದು ಕೇಳಿದರು. ಇಷ್ಟಲಿಂಗ ಪರರ ಕಣ್ಣಿಗೆ ಬೀಳಬಾರದು. ಫೋನನ್ನು ಬೋರಲು ಹಾಕಿದೆ.

ಸೊಸೆಗೆ ಫೋನ್ ಮಾಡಿ ಹೇಳಿದರೆ ಬರೀ ಅಳು. ಅತ್ತೆ ಮಾವನ ಕರಡಿಗೆಗಳು ಒಬ್ಬನೇ ಅಕ್ಕಸಾಲಿಗ ಮಾಡಿದ ಜೋಡಿಯಂತೆ. ಆಪರೇಷನ್ನಿಗೆ ಹೋಗುವಾಗ ಮಾವ ತಮ್ಮದನ್ನು ತೆಗೆದಿಟ್ಟಿದ್ದರು. ಅವಸರದಲ್ಲಿ ಅವಳು ನನಗೆ ಕೊಟ್ಟದ್ದು ಅದನ್ನೇ.

"ಲಿಂಗಪೂಜಿ ಆಗೋಮಟ ನೀರು ಸೈತ ಮುಟ್ಟಂಗಿಲ್ರಿ ಅವ್ರು. ನಿನ್ನಿ ಸಂಜಿಯಿಂದ ಹಂಗ ಕುಂತಾರ, ಯಾಕಂತ ಈಗ ತಿಳೀತ್ರಿ," ಎಂದಳು.

ಕರಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ದಾರಿಯಲ್ಲಿ ಫೋನ್ ತೆರೆದು ವಿಡಿಯೊ ಅಳಿಸಿದೆ. ಅಷ್ಟರಲ್ಲಿ ಯಾರೋ ಅದನ್ನು ಹಂಚಿಯಾಗಿತ್ತು.

ಅವಳ ಮಾವ, ಆ ಅಜ್ಜ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದರು. ತುಟಿ ಒಣಗಿ ಬಿರಿದಿತ್ತು. ಸೊಸೆ ಸಂಜೆ ಕೊರಳಿಗೆ ಹಾಕಿದ ಖಾಲಿ ಕರಡಿಗೆಯ ಹಗುರವನ್ನು ಅವರು ಆ ಕ್ಷಣವೇ ತಿಳಿದಿದ್ದರು. ಆದರೂ ಅವಳಿಗೆ ಒಂದು ಮಾತು ಅಂದಿರಲಿಲ್ಲ. ನಾನು ಕೊಟ್ಟದ್ದನ್ನು ಅಂಗೈಯಲ್ಲಿ ಹಿಡಿದು, ಬೆರಳು ಮಡಚಿದರು. ತೆರೆದವಳು ನಾನೇ ಎಂದು ಒಪ್ಪಿಕೊಂಡೆ.

"ಮತ್ಯಾರರ ನೋಡಿದ್ರೇನವ್ವ?"

ಇನ್ನಷ್ಟು ಜನ ನೋಡಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದವಳು ನಾನು.

"ಯಾರೂ ಇಲ್ರಿ ಅಜ್ಜಾರ. ನಾ ಒಬ್ಬಾಕಿನ."

ಅವರು ತಲೆಯಾಡಿಸಿ, ಪೂಜೆಗೆ ನೀರು ತರಲು ಸೊಸೆಗೆ ಹೇಳಿದರು. ನನ್ನ ಚೀಲದಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು.